ಬಿ-52ಕ್ಕೆ ಕೊನೆಯ ಸಲ ಐಸಿ ಕೊಳ್ಳುವಾಗಿನ ಲೆಕ್ಕ

ಕೊನೆಯ ಬಿ-52ಎಚ್ ಬಾಂಬರ್ ಅಮೆರಿಕದ ವಾಯುಪಡೆಗೆ ಸೇರಿದ್ದು 1962ರ ಅಕ್ಟೋಬರ್‌ನಲ್ಲಿ. ಆ ಮಾದರಿಯ 76 ವಿಮಾನಗಳನ್ನು 2050ರ ದಶಕದವರೆಗೂ ಹಾರಿಸುವ ಯೋಜನೆಯಿದೆ. ತಗಡು, ಬೋಲ್ಟುಗಳನ್ನು ನಕ್ಷೆ ನೋಡಿ ಮತ್ತೆ ಮಾಡಿಸಬಹುದು. ಐಸಿ, ಅಂದರೆ ಎಲೆಕ್ಟ್ರಾನಿಕ್ ಚಿಪ್, ಹಾಗಲ್ಲ. ತಯಾರಕರು ನಿಲ್ಲಿಸುವ ಮುನ್ನ ಕೊನೆಯ ಆರ್ಡರ್‌ಗೆ ಗಡುವು ಕೊಡುತ್ತಾರೆ, ಆಗ ಎಷ್ಟು ಕೊಳ್ಳಬೇಕೆಂಬ ಲೆಕ್ಕದಲ್ಲೇ ಎಡವುವುದು.

ಉದಾಹರಣೆಗೆ ವಿಮಾನಕ್ಕೆ ನಾಲ್ಕರಂತೆ ಒಟ್ಟು 304 ಐಸಿ, ವರ್ಷಕ್ಕೆ 350 ಗಂಟೆ ಬಳಕೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,06,400 ಗಂಟೆಯಾಯಿತು. 10,000 ಗಂಟೆಗೊಂದು ಕೆಟ್ಟರೆ 25 ವರ್ಷಕ್ಕೆ 266 ಬೇಕು. ಆದರೆ 266 ಬರೀ ಸರಾಸರಿ; ಅಷ್ಟನ್ನೇ ಕೊಂಡರೆ ಸಾಲದೆ ಹೋಗುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಅದರ ವರ್ಗಮೂಲದ ಎರಡರಷ್ಟು, ಅಂದರೆ 33 ಸೇರಿಸಿದರೆ 299. ಪರೀಕ್ಷೆಗೆಂದು ಒಡೆಯುವವು, ಬೆಸುಗೆಯಲ್ಲಿ ಹಾಳಾಗುವವು ಎಲ್ಲ ಹಿಡಿದು 350 ಅನ್ನಬಹುದು. ನೆಲದ ಮೇಲೆ ಕರೆಂಟ್ ಕೊಟ್ಟು ಪರೀಕ್ಷಿಸುವ ಗಂಟೆಗಳನ್ನು ಬಿಟ್ಟರೆ ಈ ಲೆಕ್ಕವೂ ಸುಳ್ಳಾಗುತ್ತದೆ. ಹಾಗೆಯೇ, ವಿಮಾನದಿಂದ ಬಿಚ್ಚಿ ಕಳಿಸಿದ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೆಲ್ಲ ಕೆಟ್ಟವೇ ಅಲ್ಲ. ಎಷ್ಟೋ ಸಲ ತಪ್ಪು ಕನೆಕ್ಟರ್‌ನದು. ವರ್ಕ್‌ಶಾಪಿನ ದುರಸ್ತಿ ದಾಖಲೆಯಲ್ಲಿ ನಿಜಕ್ಕೂ ಬದಲಾದ ಐಸಿಗಳನ್ನಷ್ಟೇ ಎಣಿಸಿ.

ಗಡುವು ತಪ್ಪಿತೋ, ದಲ್ಲಾಳಿಗಳ ಬಾಗಿಲೇ ಗತಿ. ಅಮೆರಿಕದ ಸೆನೆಟ್ ಸಮಿತಿಯೊಂದರ 2012ರ ವರದಿಯಲ್ಲಿ ಅನುಮಾನಾಸ್ಪದ ಬಿಡಿಭಾಗಗಳ ಪ್ರಕರಣ ಸುಮಾರು 1,800, ಬಿಡಿಭಾಗಗಳು ಹತ್ತು ಲಕ್ಷಕ್ಕೂ ಮೇಲೆ. ಗುಜರಿ ಬೋರ್ಡುಗಳಿಂದ ಕಿತ್ತ ಐಸಿಗಳ ಮೈ ಉಜ್ಜಿ, ಕಪ್ಪು ಬಳಿದು, ಹೊಸ ಅಕ್ಷರ ಮುದ್ರಿಸಿರುತ್ತಾರೆ. ಮೊದಲು ಡೇಟ್ ಕೋಡ್ ನೋಡಿ: 0423 ಎಂದರೆ 2004ರ 23ನೇ ವಾರ. ಆ ಐಸಿಯ ತಯಾರಿಕೆ 2001ಕ್ಕೇ ನಿಂತಿದ್ದರೆ ಮುಂದಿನ ಪರೀಕ್ಷೆಯೇ ಬೇಡ. ಅನಂತರ ಅಸಿಟೋನ್ ಹಚ್ಚಿದ ಹತ್ತಿಯಿಂದ ಮೈ ಒರೆಸಿ. ಕಪ್ಪು ಬಿಟ್ಟರೆ ನಕಲಿ; ಬಿಡದಿದ್ದರೆ ಅಸಲಿ ಎಂದೇನೂ ಅಲ್ಲ, ಈಗಿನ ಲೇಪನಗಳು ಅಸಿಟೋನ್‌ಗೆ ಜಗ್ಗುವುದಿಲ್ಲ. ಎಕ್ಸ್‌ರೇಯಲ್ಲಿ ಒಂದೇ ಲಾಟಿನ ಐಸಿಗಳ ಒಳಗಿನ ಸಿಲಿಕಾನ್ ಚೂರುಗಳು ಬೇರೆ ಬೇರೆ ಅಳತೆಯವಾಗಿದ್ದರೆ ಲಾಟನ್ನೇ ತಡೆಹಿಡಿಯಿರಿ. ಒಂದೆರಡನ್ನು ಆಮ್ಲದಿಂದ ತೆರೆದು ಒಳಗಿನ ಗುರುತು ಓದಿ.

ಐಸಿಯ ಕಾಲುಗಳ (ಪಿನ್‌ಗಳ) ಲೇಪನ ನೋಡದೆ ಬಿಡುವವರೇ ಹೆಚ್ಚು. ಶುದ್ಧ ತವರದಿಂದ ಕೂದಲಿನಂಥ ಎಳೆಗಳು ಬೆಳೆದು ಪಕ್ಕದ ಕಾಲಿಗೆ ತಾಗಿ ಶಾರ್ಟ್ ಆಗುತ್ತದೆ. ಕನಿಷ್ಠ ಶೇ. 3ರಷ್ಟು ಸೀಸ ಇದೆಯೇ ಎಂದು ಎಕ್ಸ್‌ರೇ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಅಳೆಯಿರಿ. ಇಲ್ಲದಿದ್ದರೆ ತವರ-ಸೀಸದ ಕರಗಿದ ಬೆಸುಗೆಯಲ್ಲಿ ಕಾಲುಗಳನ್ನು ಅದ್ದಿಸಬೇಕು.

ದಾಸ್ತಾನಿಗೆ ತೇವವೇ ಶತ್ರು. ಪ್ಲಾಸ್ಟಿಕ್ ಮೈಯ ಐಸಿಗಳನ್ನು ತೇವ ಹೀರುವ ಪೊಟ್ಟಣದೊಂದಿಗೆ ಮುಚ್ಚಿದ ಚೀಲದಲ್ಲಿಡಿ. ಗಾಳಿಯಾಡದಂತೆ ಮುಚ್ಚಿದ ಸೆರಾಮಿಕ್ ಐಸಿಗೆ ತೇವ ತೆಗೆಯುವ ಕಾಯಿಸುವಿಕೆ ಬೇಡ. ಕಾಯಿಸಿದರೆ ಕಾಲುಗಳು ಆಕ್ಸೈಡ್ ಕಟ್ಟಿ ಬೆಸುಗೆ ಹಿಡಿಯುವುದು ಕಷ್ಟವಾದೀತು. ಬಹುಕಾಲ ಬಿದ್ದಿದ್ದ ಅಲ್ಯುಮಿನಿಯಂ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್‌ಗೆ ನೇರವಾಗಿ ಪೂರ್ಣ ವೋಲ್ಟೇಜ್ ಕೊಡಬೇಡಿ. ಸರಣಿಯಲ್ಲಿ ರೆಸಿಸ್ಟರ್ ಹಾಕಿ ನಿಧಾನವಾಗಿ ಏರಿಸಿ, ಸೋರುವ ಕರೆಂಟ್ ಇಳಿಯುತ್ತದೆಯೇ ನೋಡಿ.

ಬದಲಿ ಐಸಿ ಆರಿಸುವಾಗ ವೇಗದ್ದು ಒಳ್ಳೆಯದು ಅಂದುಕೊಳ್ಳುವುದೂ ತಪ್ಪೇ. ನಿಧಾನದ ಸಿಗ್ನಲ್‌ಗೆಂದು ವಿನ್ಯಾಸ ಮಾಡಿದ ಹಳೆಯ ಬೋರ್ಡಿನಲ್ಲಿ ಹೊಸ ಐಸಿಯ ದಿಢೀರನೆ ಏರಿಳಿಯುವ ಸಿಗ್ನಲ್ ಅನುರಣಿಸಿ, ಪಕ್ಕದ ತಂತಿಗೂ ಹಾಯುತ್ತದೆ. ಟೇಬಲ್ ಮೇಲೆ ಎಲ್ಲ ಸರಿ ಕಾಣುತ್ತದೆ, ಪೆಟ್ಟಿಗೆ ಬಿಸಿಯಾದ ಮೇಲೆ ಆಗೊಮ್ಮೆ ಈಗೊಮ್ಮೆ ತಪ್ಪು ಓದುತ್ತದೆ.