ಫತೋರ್ಡಾದ ಆ ಗೆರೆ

ಗೋವಾಕ್ಕೆ ಹೋಗಿ ಸಮುದ್ರ ನೋಡದೆ ವಾಪಸ್ ಬಂದವರ ಪೈಕಿ ನಾನೂ ಒಬ್ಬ. 2023ರ ಮಾರ್ಚ್ 18ರಂದು ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್. ನಮ್ಮ ಬೆಂಗಳೂರು ಎಫ್‌ಸಿ, ಎದುರಿಗೆ ಎಟಿಕೆ ಮೋಹನ್ ಬಗಾನ್. ರಾತ್ರಿ ಬಸ್ ಹತ್ತಿದೆ, ಬೆಳಗ್ಗೆ ಇಳಿದೆ. ಹಗಲೆಲ್ಲ ಸೆಕೆಯಲ್ಲಿ ಬೆಂದಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

ಹೋಗುವಾಗ ಧೈರ್ಯ ಜಾಸ್ತಿಯೇ ಇತ್ತು. ಸೀಸನ್ನಿನ ಮೊದಲರ್ಧ ಮಣ್ಣು ಮುಕ್ಕಿದ್ದ ತಂಡ, ಲೀಗ್‌ನ ಕೊನೆಯ 8 ಪಂದ್ಯಗಳನ್ನು ಸಾಲಾಗಿ ಗೆದ್ದಿತ್ತು. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ಮನೆಗೆ ಕಳಿಸಿತ್ತು. ಇನ್ನೇನು, ಕಪ್ ನಮ್ದೇ ಅಲ್ವಾ?

ಆಟ ಶುರುವಾದ ಸ್ವಲ್ಪ ಹೊತ್ತಿಗೇ ನಮ್ಮ ಶಿವಶಕ್ತಿಗೆ ಪೆಟ್ಟಾಗಿ, ಬೆಂಚಿನಲ್ಲಿದ್ದ ಛೆಟ್ರಿ ಒಳಗೆ ಬಂದರು. ಬಗಾನ್‌ನ ಪೆಟ್ರಾಟೋಸ್ ಪೆನಾಲ್ಟಿಯಲ್ಲಿ ಗೋಲು ಹೊಡೆದರು, ವಿರಾಮಕ್ಕೆ ಮುಂಚೆ ಛೆಟ್ರಿ ಪೆನಾಲ್ಟಿಯಲ್ಲೇ ತೀರಿಸಿದರು. 78ನೇ ನಿಮಿಷದಲ್ಲಿ ನಮ್ಮ ರಾಯ್ ಕೃಷ್ಣ ತಲೆಯಿಂದ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯನನ್ನು ತಬ್ಬಿಕೊಂಡು ಕುಣಿದೆ. 2–1. ಇನ್ನು ಹನ್ನೆರಡು ನಿಮಿಷ.

85ನೇ ನಿಮಿಷದಲ್ಲಿ ರೆಫರಿ ಅವರಿಗೆ ಮತ್ತೆ ಪೆನಾಲ್ಟಿ ಕೊಟ್ಟರು. ನಾನು ಕೂತಿದ್ದ ಕಡೆಯಿಂದ ನಮ್ಮವನ ಕಾಲು ತಾಗಿದ್ದು ಪೆನಾಲ್ಟಿ ಬಾಕ್ಸಿನ ಗೆರೆಯ ಹೊರಗೇ ಅಂತ ಕಂಡಿತು. ಐಎಸ್‌ಎಲ್‌ನಲ್ಲಿ ಆಗ ವಿಎಆರ್, ಅಂದ್ರೆ ವಿಡಿಯೋ ನೋಡಿ ತೀರ್ಪು ತಿದ್ದುವ ವ್ಯವಸ್ಥೆ, ಇರಲಿಲ್ಲ. ಮತ್ತೊಮ್ಮೆ ನೋಡಿ ಹೇಳೋರು ಯಾರು? ಪೆಟ್ರಾಟೋಸ್ ಮತ್ತೆ ಹೊಡೆದರು. 2–2. ಹೆಚ್ಚುವರಿ ಸಮಯ ಸುಮ್ನೆ ಕಳೆಯಿತು. ಶೂಟೌಟ್‌ನಲ್ಲಿ ನಮ್ಮದೊಂದನ್ನು ಅವರ ಗೋಲ್‌ಕೀಪರ್ ವಿಶಾಲ್ ಕೈತ್ ತಡೆದರು, ನಮ್ಮ ಕೊನೆಯದು ಬಾರ್ ಮೇಲಿಂದ ಹೋಯಿತು. 4–3.

ಇಲ್ಲೊಂದು ಮಾತು ಹೇಳಲೇಬೇಕು. ಫೈನಲ್ ನೋಡೋಕೆ ಹೋಗುವವರು ಅವತ್ತೇ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಬೇಡಿ. ಏಳೂವರೆ ಆಟ, ಒಂಬತ್ತೂವರೆಗೆ ಮುಗಿಯುತ್ತೆ ಅಂತ ಲೆಕ್ಕ ಹಾಕಿ ನಾನು ಹತ್ತಕ್ಕೆ ಬುಕ್ ಮಾಡಿದ್ದೆ. ಶೂಟೌಟ್ ನಡೆಯುವಾಗ ಜೇಬಿನಲ್ಲಿ ಫೋನ್ ಗುಂಯ್‌ಗುಡುತ್ತಲೇ ಇತ್ತು. ಬಸ್ಸಿನ ಕಂಡಕ್ಟರ್. ಎತ್ತಲಿಲ್ಲ. ಕಪ್ಪೂ ಹೋಯಿತು, ಬಸ್ಸೂ ಹೋಯಿತು, ದುಡ್ಡೂ ವಾಪಸ್ ಬರಲಿಲ್ಲ.

ಮಡಗಾಂವ್ ರೈಲ್ವೆ ಸ್ಟೇಷನ್ನಿನ ಬೆಂಚೇ ಗತಿಯಾಯಿತು. ಪಕ್ಕದಲ್ಲಿ ಹಸಿರು-ಮೆರೂನ್ ಶಾಲು ಹೊದ್ದ ಬಂಗಾಳಿ ಹಿರಿಯರು. ಮುಖ ತಿರುಗಿಸಿ ಕೂತೆ. ಅವರೇ ಪೇಪರ್ ಕಪ್ಪಿನಲ್ಲಿ ಚಹಾ ತಂದು ಕೈಗಿಟ್ಟರು. ತುಂಬಾ ಸಿಹಿ. ನನಗೆ ಹಿಡಿಸಲಿಲ್ಲ, ಕುಡಿದೆ.

"ದಾದಾ, ಅದು ಪೆನಾಲ್ಟಿನಾ? ನಿಜ ಹೇಳಿ" ಅಂದೆ.

ಅವರು ಚಹಾದಲ್ಲಿ ಬೆರಳದ್ದಿ ಬೆಂಚಿನ ಮೇಲೆ ಒಂದು ಗೆರೆ ಎಳೆದರು. ಖಾಲಿ ಕಪ್ಪನ್ನು ಅದರ ಅಂಚಿಗೆ ಇಟ್ಟರು. "ಗೆರೆಯೂ ಬಾಕ್ಸಿನ ಒಳಗೇ ಲೆಕ್ಕ. ಅದು ಗೊತ್ತಲ್ವಾ?"

"ಗೊತ್ತು. ಆದ್ರೆ ಕಾಲು ಗೆರೆ ಮೇಲೂ ಇರ್ಲಿಲ್ಲ." ಕಪ್ಪನ್ನು ಗೆರೆಯಿಂದ ನಾಲ್ಕು ಬೆರಳು ಹೊರಗೆ ಎಳೆದೆ. ಅವರು ಅರ್ಧ ವಾಪಸ್ ತಳ್ಳಿದರು. ಹೀಗೇ ಎಷ್ಟೋ ಹೊತ್ತು. ಕೊನೆಗೆ ಗೆರೆಯಿಂದ ಎರಡು ಬೆರಳು ಹೊರಗೆ ಕಪ್ ನಿಂತಿತು. ಅವರು ಏನೂ ಅನ್ನಲಿಲ್ಲ, ಆದರೆ ಮತ್ತೆ ತಳ್ಳಲಿಲ್ಲ.

"ನಿಮ್ಮ ಕ್ಲಬ್ ಹುಟ್ಟಿದ್ದು ಯಾವಾಗ?"

"2013."

"ನಮ್ದು 1889" ಅಂದರು. 1911ರಲ್ಲಿ ಬರಿಗಾಲಲ್ಲಿ ಆಡಿ ಬ್ರಿಟಿಷ್ ಪಡೆಯ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಟೂರ್ನಿ ಗೆದ್ದ ಕಥೆ ಬರುತ್ತೆ ಅಂತ ಕಾದೆ. ಬರಲಿಲ್ಲ. "1975ರ ಶೀಲ್ಡ್ ಫೈನಲ್. ನಮ್ಮ ಬದ್ಧ ವೈರಿ ಈಸ್ಟ್ ಬೆಂಗಾಲ್ ಕೈಲಿ 5–0. ನಾನಾಗ ಹುಡುಗ. ಮನೇಲಿ ಅವತ್ತು ಯಾರೂ ಊಟ ಮಾಡ್ಲಿಲ್ಲ" ಅಂದರು. ಗೆದ್ದ ರಾತ್ರಿ ಈ ಮನುಷ್ಯ ಹಳೇ ಸೋಲು ತೆಗೆದು ಕೂತಿದ್ದಾರಲ್ಲ! ಇನ್ನೊಂದು ಕ್ಲಬ್ ಜೊತೆ ವಿಲೀನವಾದಾಗ ತಮ್ಮ ಕ್ಲಬ್ಬಿನ ಹೆಸರಿನ ಮುಂದೆ ಸೇರಿಕೊಂಡಿದ್ದ 'ಎಟಿಕೆ' ತೆಗೀತಾರಂತೆ ಅಂತ ಅವತ್ತೇ ಸುದ್ದಿ ಬಂದಿತ್ತು. ಟ್ರೋಫಿಗಿಂತ ಅದೇ ಅವರಿಗೆ ದೊಡ್ಡ ಖುಷಿ.

ರೈಲು ಬರುವ ಮುಂಚೆ ಇಬ್ಬರದೂ ಫೋಟೋ ತೆಗೆಸಿಕೊಳ್ಳೋಣ ಅಂದರು. ನಿಂತೆ. ನನ್ನ ನೀಲಿ ಸ್ಕಾರ್ಫ್ ಬ್ಯಾಗಿನಲ್ಲೇ ಇತ್ತು. ಅವರೇ ಜಿಪ್ ತೆಗೆದು, ಹೊರಗೆಳೆದು ನನ್ನ ಕೊರಳಿಗೆ ಹಾಕಿದರು.

ವಾಪಸ್ ಬರುವಾಗ ಜನರಲ್ ಬೋಗಿಯಲ್ಲಿ ಬ್ಯಾಗಿನ ಮೇಲೆ ಕೂತು ಬಂದೆ. ದೂಧ್‌ಸಾಗರ್ ಜಲಪಾತದ ಹತ್ತಿರ ಎಲ್ಲರೂ ಕಿಟಕಿಗೆ ಮುಗಿಬಿದ್ದರು. ನಾನು ಏಳಲಿಲ್ಲ. ಆ 85ನೇ ನಿಮಿಷದ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆ, ನೆಟ್‌ವರ್ಕ್ ಹೋಗುವ ತನಕ.

ಮನೆ ಬಾಗಿಲಲ್ಲಿ ಅಮ್ಮ ಕೇಳಿದ್ದು ಒಂದೇ. "ಗೋಡಂಬಿ ತಂದ್ಯೇನೋ?"