ರಾಗಿ ಮಾಲ್ಟಿನ ಪಾಕ: ಅಯೋಡಿನ್ ಕೊನೆಗೂ ಕಪ್ಪಾಗಲಿಲ್ಲ

ಡಬ್ಬಿಯಲ್ಲಿ ಸಿಗುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಪಾಕವನ್ನು ಕೈಬಿಟ್ಟು, ಪೂರ್ತಿಯಾಗಿ ಧಾನ್ಯದಿಂದಲೇ ಸಿಹಿ ರಸ ತೆಗೆಯುವ ಪ್ರಯತ್ನ ಈ ವಾರ ದಡ ಮುಟ್ಟಿತು. ಎರಡು ಕಿಲೋ ಮೊಳಕೆ ರಾಗಿಯಿಂದ ಏಳು ಲೀಟರ್ ವರ್ಟ್, ಎಂದರೆ ಶೋಧಿಸಿದ ಸಿಹಿ ರಸ, ಬಂದಿತು. ಅದರ ಸಾಂದ್ರತೆ 1.044 (ನೀರಿನದು 1.000, ಸಿಹಿ ಹೆಚ್ಚಿದಷ್ಟೂ ಅಂಕಿ ಏರುತ್ತದೆ). ಪಿಷ್ಟ ಉಳಿದಿದ್ದರೆ ಅಯೋಡಿನ್ ಕಪ್ಪೆನಿಸುವಷ್ಟು ಕಡುನೀಲಿಯಾಗುತ್ತದೆ, ಆದರೆ ಬಿಳಿ ತಟ್ಟೆಯ ಮೇಲೆ ಬಿಟ್ಟ ಹನಿ ತನ್ನ ಕಂದುಹಳದಿ ಬಣ್ಣದಲ್ಲಿಯೇ ಉಳಿಯಿತು. ಇದಕ್ಕೆ ಮೊದಲಿನ ಮ್ಯಾಶ್‌ಗಳು (ಬಿಸಿನೀರಿನಲ್ಲಿ ನೆನೆಸಿದ ಮಾಲ್ಟ್ ಪುಡಿ) 1.024ರ ಆಸುಪಾಸಿನಲ್ಲಿ ನಿಂತುಬಿಡುತ್ತಿದ್ದವು, ಅಯೋಡಿನ್ ಸೋಕಿದೊಡನೆ ಕಡುನೀಲಿಗೆ ತಿರುಗುತ್ತಿದ್ದವು. ಈ ವ್ಯತ್ಯಾಸ ಎಲ್ಲಿಂದ ಬಂದಿತು ಎಂಬುದನ್ನು ವಿವರವಾಗಿ ಬರೆದಿಡುವುದು ಅಗತ್ಯವೆನಿಸಿತು, ಏಕೆಂದರೆ ಬಾರ್ಲಿಗಾಗಿ ಬರೆದ ವಿಧಾನವನ್ನು ರಾಗಿಗೆ ಹೊಂದಿಸಲು ಹೊರಡುವ ಪ್ರತಿಯೊಬ್ಬರೂ ಇದೇ ಗೋಡೆಗೆ ಬಂದು ನಿಲ್ಲುತ್ತಾರೆ.

ಯೀಸ್ಟ್ ಹಾಕಿ ಬಿಯರ್ ಮಾಡುವ ಹಂತ ಈ ಕೆಲಸದಲ್ಲಿ ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲವಾದ್ದರಿಂದ, ನಾನು ವರ್ಟ್‌ನಲ್ಲಿಯೇ ನಿಂತು ಅದನ್ನು ಕಾಯಿಸಿ ಪಾಕ ಮಾಡುತ್ತೇನೆ. ಮಾಲ್ಟ್, ಮ್ಯಾಶ್, ಶೋಧನೆ, ಸಾಂದ್ರತೆಯ ಲೆಕ್ಕಾಚಾರಗಳೆಲ್ಲ ಬ್ರೂಯಿಂಗ್ (ಬಿಯರ್ ತಯಾರಿಕೆ) ಹವ್ಯಾಸಿಗಳ ವಿಧಾನಗಳೇ ಆಗಿವೆ.

ರಾಗಿಗೆ ಬಂದ ಕಾರಣ ಖರ್ಚು. ಬಾರ್ಲಿ ನಮ್ಮ ಕಡೆಯ ಬೆಳೆಯಲ್ಲ. ರಾಜಸ್ಥಾನ, ಉತ್ತರ ಪ್ರದೇಶಗಳಿಂದ ಬರಬೇಕು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬಾರ್ಲಿ ಅಕ್ಕಿಯನ್ನು ಹೊಟ್ಟು ತೆಗೆದು ಉಜ್ಜಿರುತ್ತಾರಾದ್ದರಿಂದ ಅದು ಮೊಳೆಯುತ್ತದೆಂಬ ಭರವಸೆಯಿಲ್ಲ. ಆನ್‌ಲೈನಿನಲ್ಲಿ ಮಾಲ್ಟ್ ತರಿಸಿದರೆ ಧಾನ್ಯಕ್ಕಿಂತ ಸಾಗಣೆಯ ಬಿಲ್ಲೇ ದೊಡ್ಡದಾಗುತ್ತದೆ. ಒಬ್ಬ ಮಾರಾಟಗಾರನಂತೂ ಮುಂಚಿತವಾಗಿಯೇ ಪುಡಿ ಮಾಡಿದ ಮಾಲ್ಟನ್ನು ತೆಳು ಚೀಲದಲ್ಲಿ, ಸುರಿಯುವ ಆಷಾಢದ ಮಳೆಯಲ್ಲಿ ಕಳುಹಿಸಿದ. ಹಾಸನ ತಲುಪುವಷ್ಟರಲ್ಲಿ ಅದು ಮೆತ್ತಗಾಗಿ ಮುಗ್ಗಲು ವಾಸನೆ ಬರುತ್ತಿತ್ತು. ದೂರಿಗೆ ಬಂದ ಉತ್ತರ, ‘ತೆರೆದ ಚೀಲವನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂದು. ತೆರೆಯದೆ ವಾಸನೆ ನೋಡುವ ದಾರಿಯನ್ನು ಅವರು ತಿಳಿಸಲಿಲ್ಲ. ರಾಗಿಯಾದರೋ ಮನೆಯ ಬಾಗಿಲಲ್ಲಿಯೇ ಬೆಳೆಯುತ್ತದೆ. 2025–26ರ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ 4,886 ರೂಪಾಯಿಯಿತ್ತು, ಎಂದರೆ ಕಿಲೋಗೆ 49 ರೂಪಾಯಿಯೊಳಗೆ. ನಾನು ಬಳಸಿದ್ದು ಅರಸೀಕೆರೆ ಕಡೆಯ ರೈತರೊಬ್ಬರಿಂದ ನೇರವಾಗಿ ತಂದ ಜಿಪಿಯು-28 ತಳಿ. ಅದೇ ಸುಗ್ಗಿಯ ಕಾಳಾದ್ದರಿಂದ ಮೊಳಕೆ ಒಂದೇ ಸಮನೆ ಬಂದಿತು.

ಮೊಳಕೆ ಬರಿಸುವ, ಒಣಗಿಸುವ, ಬೇರು ಉಜ್ಜಿ ತೂರುವ ಹಂತಗಳು ನಿಮಗೆಲ್ಲ ಗೊತ್ತಿರುವಂಥವೇ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಮನೆಗಳಲ್ಲಿ ಮಕ್ಕಳಿಗಾಗಿ ಮಾಡುವ ರಾಗಿ ಮಾಲ್ಟಿಗೆ ಮೊಳಕೆ ಕಾಳನ್ನು ಘಮ್ಮೆನ್ನುವಂತೆ ಹುರಿಯುತ್ತಾರೆ. ರುಚಿಗೆ ಅದು ಸರಿಯೇ, ಆದರೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಆ ಬಿಸಿಯಲ್ಲಿ ಸಾಯುತ್ತವೆ. ಮ್ಯಾಶ್‌ಗೆ ಬೇಕಾದ ಮಾಲ್ಟನ್ನು ನೆರಳಿನಲ್ಲಿ ಅಥವಾ ಎಳೆಬಿಸಿಲಿನಲ್ಲಿ ಒಣಗಿಸಬೇಕು, ಹುರಿಯಬಾರದು. ಅಂಗಡಿಯ ರಾಗಿ ಮಾಲ್ಟ್ ಪುಡಿ ಈ ಕೆಲಸಕ್ಕೆ ಬಾರದಿರುವುದಕ್ಕೆ ಇದೇ ಕಾರಣ.

ಸಲಕರಣೆಗಳಲ್ಲಿ ಲ್ಯಾಕ್ಟೋಮೀಟರಿನ ವಿಷಯ ಹೇಳಲೇಬೇಕು. ಸಾಂದ್ರತೆ ಅಳೆಯಲು ತರಿಸಿದ ಹೈಡ್ರೋಮೀಟರ್ ಒಡೆದೇ ಬಂದಿತು. ಬದಲಿಗೆ ಬರಬೇಕಾದದ್ದು ಇನ್ನೂ ದಾರಿಯಲ್ಲಿದೆಯಂತೆ. ಆದರೆ ಹಾಲಿನ ಡೇರಿಯಿಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಅಪರೂಪವಾದ್ದರಿಂದ ಲ್ಯಾಕ್ಟೋಮೀಟರ್ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ. ಅದರ ಮೇಲಿನ 15ರಿಂದ 40ರವರೆಗಿನ ಗುರುತುಗಳೆಂದರೆ 1.015ರಿಂದ 1.040ರವರೆಗಿನ ಸಾಂದ್ರತೆಯೇ. ವರ್ಟ್ ಅದಕ್ಕಿಂತ ಗಟ್ಟಿಯಾಗಿದ್ದರೆ ಸಮ ಪ್ರಮಾಣದ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಇಮ್ಮಡಿ ಮಾಡಿದರಾಯಿತು. ಈ ಸಲ ತೋರಿಸಿದ್ದು 22, ಎಂದರೆ 1.044. ಯಾವ ಉಷ್ಣತೆಗೆ ಗುರುತು ಹಾಕಿದ್ದಾರೆಂಬುದನ್ನು ಕೊಳವೆಯ ಮೇಲೆಯೇ ಅಚ್ಚು ಮಾಡಿರುತ್ತಾರೆ. ರಸವನ್ನು ಆ ಮಟ್ಟಕ್ಕೆ ಆರಿಸಿ ಅಳೆಯಿರಿ.

ಇನ್ನು ತೊಡಕಿನ ವಿಚಾರ. ಬಾರ್ಲಿಯ ಪದ್ಧತಿ ಸರಳವಾದದ್ದು: ಪುಡಿ ಮಾಡಿದ ಮಾಲ್ಟನ್ನು ಚೀಲದಲ್ಲಿ ಕಟ್ಟಿ, 65 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇಡುವುದು. ರಾಗಿಗೆ ಅದನ್ನೇ ಮಾಡಿದಾಗ ಅಯೋಡಿನ್ ಒಂದು ಗಂಟೆಯಾದರೂ ಕಪ್ಪು, ಎರಡು ಗಂಟೆಯಾದರೂ ಕಪ್ಪು. ಮೊದಲ ಸಂಶಯ ಥರ್ಮಾಮೀಟರಿನ ಮೇಲೆ ಹೋಯಿತು. ಕುದಿಯುವ ನೀರಿನಲ್ಲಿಯೂ ಕರಗುವ ಮಂಜುಗಡ್ಡೆಯಲ್ಲಿಯೂ ಅದ್ದಿ ನೋಡಿದರೆ ಅದು ಸರಿಯಾಗಿಯೇ ಇತ್ತು. ನೀರಿನ ಗಡಸುತನ ಕಾರಣವಿರಬಹುದೆಂದು ನಿಂಬೆರಸ ಹಿಂಡಿ ಪಿಎಚ್ (ಹುಳಿಯ ಮಟ್ಟ) 5.4ಕ್ಕೆ ತಂದೆ, ಏನೂ ಬದಲಾಗಲಿಲ್ಲ. ಗಿರಣಿಯವರು ಕಾಳನ್ನು ಒಡೆಯುವುದಕ್ಕಷ್ಟೇ ಒಪ್ಪಿದ್ದರಿಂದ ತರಿ ದಪ್ಪವಾಗಿರಬಹುದೆಂದು ಮನೆಯ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದೆ. ಸಾಂದ್ರತೆ ಒಂದೆರಡು ಅಂಕ ಏರಿತು, ಅಯೋಡಿನ್ ಮಾತ್ರ ಕಪ್ಪಾಗಿಯೇ ಉಳಿಯಿತು. ಬಿಸಿ ರಸದ ಮೇಲೆ ಅಯೋಡಿನ್ ಪರೀಕ್ಷೆ ಮಾಡಬಾರದೆಂಬುದನ್ನೂ ಇಲ್ಲಿಯೇ ಹೇಳುತ್ತೇನೆ. ಪಿಷ್ಟ ಮತ್ತು ಅಯೋಡಿನ್ ಕೂಡಿ ಬರುವ ನೀಲಿ ಬಿಸಿಯಲ್ಲಿ ಮಾಯವಾಗಿ, ಆರಿದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಚಮಚದಲ್ಲಿ ತೆಗೆದು ಪೂರ್ತಿ ಆರಿಸಿ, ತರಿಯಿಲ್ಲದ ತಿಳಿಯನ್ನಷ್ಟೇ ತಟ್ಟೆಗೆ ಬಿಡಬೇಕು.

ಉಳಿದ ಅನುಮಾನ ಒಂದೇ: ಮಾಲ್ಟಿನಲ್ಲಿ ಕಿಣ್ವವೇ ಇಲ್ಲವೇ? ಇದನ್ನು ತೀರ್ಮಾನಿಸಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ಒಂದು ಹಿಡಿ ರಾಗಿ ಮಾಲ್ಟ್ ಪುಡಿಯನ್ನು ತಣ್ಣೀರಿನಲ್ಲಿ ಕದಡಿ, ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಂಡೆ. ಗಟ್ಟಿಯಾಗಿ ಕಾಯಿಸಿ 60 ಡಿಗ್ರಿಗೆ ಆರಿಸಿದ ಅಕ್ಕಿ ಗಂಜಿಗೆ ಆ ತಿಳಿಯನ್ನು ಬೆರೆಸಿದೆ. ಕೆಲವೇ ನಿಮಿಷಗಳಲ್ಲಿ ಗಂಜಿ ನೀರಾಯಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾಲಗೆಗೆ ಸಿಹಿ ತಿಳಿಯಿತು, ಅಯೋಡಿನ್ ಹಳದಿಯಾಗಿ ನಿಂತಿತು. ಕಿಣ್ವ ಚೆನ್ನಾಗಿಯೇ ಇದೆ, ಬೆಂದ ಪಿಷ್ಟ ಸಿಕ್ಕರೆ ಅದು ಕೆಲಸ ಮುಗಿಸುತ್ತದೆ, ರಾಗಿಯ ಪಿಷ್ಟವೇ ಬೇಯುತ್ತಿಲ್ಲ ಎಂಬುದು ಆಗ ಖಚಿತವಾಯಿತು.

ಎಸರು ಕುದಿಯದೆ ಮುದ್ದೆಯಾಗುವುದಿಲ್ಲ ಎಂಬುದು ಹಾಸನದ ಯಾವ ಅಡುಗೆಮನೆಯಲ್ಲಾದರೂ ಗೊತ್ತಿರುವ ಸಂಗತಿ. ಬಾರ್ಲಿಯ ಪಿಷ್ಟ 60ರಿಂದ 65 ಡಿಗ್ರಿಯೊಳಗೆ ಅರಳಿಕೊಳ್ಳುವುದರಿಂದ, ಅದೇ ಬಿಸಿಯಲ್ಲಿ ಬದುಕಿರುವ ಕಿಣ್ವಗಳಿಗೆ ಅದು ಒದಗುತ್ತದೆ. ರಾಗಿಯ ಪಿಷ್ಟ ಪೂರ್ತಿಯಾಗಿ ಅರಳಲು 70ರ ಆಸುಪಾಸಿನ, ಅದಕ್ಕೂ ಮೇಲಿನ ಬಿಸಿ ಬೇಕು. ಆ ಬಿಸಿಯಲ್ಲಿ ಬೀಟಾ ಅಮೈಲೇಸ್ ಎಂಬ ಕಿಣ್ವ ಬೇಗನೆ ಕೆಡುತ್ತದೆ, ಇನ್ನೂ ಏರಿದರೆ ಅದರ ಜೊತೆಗಾರ ಆಲ್ಫಾ ಅಮೈಲೇಸ್ ಕೂಡ ಉಳಿಯುವುದಿಲ್ಲ. ಕಿಣ್ವಕ್ಕೂ ಪಿಷ್ಟಕ್ಕೂ ಒಂದೇ ಉಷ್ಣತೆ ಒಗ್ಗದೆಂದ ಮೇಲೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಾಯಿಸುವುದರಲ್ಲಿ ಅರ್ಥವಿಲ್ಲ. ಕಿಣ್ವ ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಅದನ್ನು ಮೊದಲೇ ಬಸಿದಿಟ್ಟುಕೊಂಡು, ಉಳಿದ ಹಿಟ್ಟನ್ನು ಬೇಯಿಸಿ, ಆಮೇಲೆ ಮತ್ತೆ ಕೂಡಿಸಬೇಕು. ಜೋಳದ ಮಾಲ್ಟಿನಲ್ಲಿ ಕೆಲಸ ಮಾಡುವವರು ಅನುಸರಿಸುವ ಬಸಿಯುವ ಮ್ಯಾಶ್ ಇದೇ.

ನಾನು ಮಾಡಿದ ಕ್ರಮ ಹೀಗಿದೆ. ಎರಡು ಕಿಲೋ ಮಾಲ್ಟ್ ಪುಡಿಯನ್ನು 48 ಡಿಗ್ರಿಯ ಏಳು ಲೀಟರ್ ನೀರಿಗೆ ಕದಡಿ ಮುಕ್ಕಾಲು ಗಂಟೆ ಅಲುಗಾಡಿಸದೆ ಬಿಟ್ಟೆ. ಮೇಲೆ ನಿಂತ ತಿಳಿಯಲ್ಲಿ ಎರಡೂವರೆ ಲೀಟರನ್ನು ಕೊಳವೆಯಿಂದ ಮೆಲ್ಲಗೆ ಎಳೆದು ಬೇರೆ ಪಾತ್ರೆಯಲ್ಲಿ ಆರಲು ಇಟ್ಟೆ. ಕಿಣ್ವದ ಪೂರ್ತಿ ಪಾಲು ಇದರಲ್ಲಿ ಬರುವುದಿಲ್ಲ, ಆದರೆ ಬಂದಷ್ಟು ಧಾರಾಳವಾಗಿ ಸಾಲುತ್ತದೆ. ಉಳಿದ ಹಿಟ್ಟಿಗೆ ಎರಡು ಲೀಟರ್ ಬಿಸಿನೀರು ಸೇರಿಸಿ ಅರ್ಧ ಗಂಟೆ ಕುದಿಸಿದೆ. ಈ ಹೊತ್ತಿನಲ್ಲಿ ಕೈ ಬಿಡುವಂತಿಲ್ಲ, ಬಿಟ್ಟರೆ ತಳ ಹತ್ತುತ್ತದೆ. ಕುದಿ ಮುಗಿಯುವ ಹೊತ್ತಿಗೆ ನಡುವೆ ನೆಟ್ಟ ಮುದ್ದೆ ಕೋಲು ತಾನಾಗಿಯೇ ನೆಟ್ಟಗೆ ನಿಲ್ಲುತ್ತಿತ್ತು. ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು 76 ಡಿಗ್ರಿಗೆ ಇಳಿಸಿ, ತೆಗೆದಿಟ್ಟ ತಿಳಿಯನ್ನು ಒಂದೇ ಸಲಕ್ಕೆ ಸುರಿದು ತಿರುವಿದೆ. ಉಷ್ಣತೆ 64ಕ್ಕೆ ಬಂದು ನಿಂತಿತು. ಕೋಲು ಮೊದಲು ವಾಲಿತು, ಆಮೇಲೆ ಪಾತ್ರೆಯ ಅಂಚಿಗೆ ಜಾರಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹಿಟ್ಟು ತೆಳುವಾದ ಅಂಬಲಿಯ ಹದಕ್ಕೆ ಬಂದು, ಕೋಲಿನ ತುದಿಯಿಂದ ಹನಿ ಹನಿಯಾಗಿ ಇಳಿಯತೊಡಗಿತು. ಈ ಹವ್ಯಾಸಕ್ಕೆ ಬಂದ ಮೇಲೆ ನಾನು ಕಂಡ ಅತ್ಯಂತ ಸಂತೋಷದ ನೋಟ ಅದು. ಕಂಬಳಿ ಸುತ್ತಿ ಒಂದೂಕಾಲು ಗಂಟೆ ಇಟ್ಟು, ಕೊನೆಗೆ 72ಕ್ಕೆ ಏರಿಸಿ ಇಪ್ಪತ್ತು ನಿಮಿಷ ಬಿಟ್ಟ ಮೇಲೆ ಮಾಡಿದ ಪರೀಕ್ಷೆಯಲ್ಲಿಯೇ ಅಯೋಡಿನ್ ಬಣ್ಣ ಬದಲಿಸಲಿಲ್ಲ.

ಶೋಧಿಸುವಾಗ ಇನ್ನೊಂದು ಅಡ್ಡಿ ಬರುತ್ತದೆ. ಬಾರ್ಲಿಯ ಹೊಟ್ಟು ತಾನೇ ಜರಡಿಯಾಗಿ ಕೆಲಸ ಮಾಡುತ್ತದೆ. ರಾಗಿಗೆ ಅಂಥ ಹೊಟ್ಟಿಲ್ಲದ್ದರಿಂದ ಬಟ್ಟೆಯ ಚೀಲ ಕಟ್ಟಿಕೊಳ್ಳುತ್ತದೆ. ಭತ್ತದ ಹೊಟ್ಟು ಇದಕ್ಕೆ ತಕ್ಕ ಪರಿಹಾರ. ಬ್ರೂಯಿಂಗ್ ಸಾಮಗ್ರಿ ಮಾರುವವರು ಅದನ್ನೇ ಪೊಟ್ಟಣ ಕಟ್ಟಿ ದುಬಾರಿ ಬೆಲೆಗೆ ಮಾರುತ್ತಾರೆ. ಆಲೂರಿನ ದಾರಿಯ ಅಕ್ಕಿ ಗಿರಣಿಯಲ್ಲಿ ಕೇಳಿದರೆ ಒಂದು ಮೂಟೆಯನ್ನು ಹಾಗೆಯೇ ಕೊಟ್ಟರು. ಎರಡು ಸಲ ಬಿಸಿನೀರಿನಲ್ಲಿ ತೊಳೆದು, ಕಾಲು ಕಿಲೋದಷ್ಟನ್ನು ಮ್ಯಾಶ್‌ಗೆ ಬೆರೆಸಿದಾಗ ರಸ ಸಲೀಸಾಗಿ ಇಳಿಯಿತು. ಚೀಲವನ್ನು ಹಿಂಡಬೇಡಿ, ಕುದಿಯುವ ನೀರಿನಿಂದ ಜಾಲಿಸಲೂ ಬೇಡಿ. ಹಾಗೆ ಮಾಡಿದರೆ ಕೆಂಪು ರಾಗಿಯ ಸಿಪ್ಪೆಯ ಒಗರೆಲ್ಲ ಇಳಿದು ಬರುತ್ತದೆ.

ಮುಂದಿನ ಯೋಜನೆ ಈಗಲೇ ತಲೆಯಲ್ಲಿ ಓಡುತ್ತಿದೆ. ಸಕಲೇಶಪುರದ ಸ್ನೇಹಿತರೊಬ್ಬರ ಮನೆಯಲ್ಲಿ ಕೈಯಿಂದ ತಿರುಗಿಸುವ ಹಳೆಯ ಕಾಫಿ ಹುರಿಯುವ ಡ್ರಮ್ ಇದೆ. ಒಣಗಿಸದ ಹಸಿ ಮೊಳಕೆ ರಾಗಿಯನ್ನು ಮುಚ್ಚಿದ ಪಾತ್ರೆಯಲ್ಲಿ ಹದವಾದ ಬಿಸಿಯಲ್ಲಿಟ್ಟು ಕಾಳಿನೊಳಗೇ ಸಾಧ್ಯವಾದಷ್ಟು ಸಿಹಿ ಹುಟ್ಟಿಸಿ, ಆಮೇಲೆ ಆ ಡ್ರಮ್ಮಿನಲ್ಲಿ ಹುರಿದರೆ ಕ್ಯಾರಮೆಲ್ ಮಾಲ್ಟಿಗೆ (ಬಣ್ಣಕ್ಕೂ ರುಚಿಗೂ ಹುರಿದ ಮಾಲ್ಟ್) ಸಮನಾದ ಗಾಢ ರಾಗಿ ಸಿಗಬೇಕು. ಕಾಫಿಯಷ್ಟು ದಪ್ಪವಿಲ್ಲದ ಕಾಳು ಡ್ರಮ್ಮಿನ ತೂತುಗಳಿಂದ ಉದುರದಂತೆ ಒಳಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹೊದಿಸಬೇಕು. ಅದಕ್ಕೆ ಅಳತೆ ತೆಗೆದುಕೊಂಡು ಬಂದಿದ್ದೇನೆ.

ಏಳು ಲೀಟರ್ ವರ್ಟನ್ನು ಪಾಕವಾಗಿಸುವುದಕ್ಕೆ ಗ್ಯಾಸ್ ಬಳಸಿದ್ದರೆ ಉಳಿಸಿದ ಹಣವೆಲ್ಲ ಸಿಲಿಂಡರಿಗೇ ಹೋಗುತ್ತಿತ್ತು. ಹಿತ್ತಲಿನ ಒಲೆಯಲ್ಲಿ ಕಾಫಿ ಗಿಡದ ಸೌದೆ ಹಾಕಿ, ಆಲೆಮನೆಯವರ ಪದ್ಧತಿಯಂತೆ ಅಗಲ ಬಾಯಿಯ ಬಾಣಲೆಯಲ್ಲಿ ಕಾಯಿಸಿದೆ. ಬಾಯಿ ಅಗಲವಾದಷ್ಟೂ ನೀರು ಬೇಗ ಆರುತ್ತದೆ. ಕೊನೆಯ ಅರ್ಧ ಗಂಟೆ ಉರಿಯನ್ನು ತೀರ ಸಣ್ಣದು ಮಾಡಬೇಕು, ಇಲ್ಲವಾದರೆ ಅಂಚು ಸೀದು ಕಹಿಯಾಗುತ್ತದೆ. ಸುಮಾರು ಒಂದು ಕಿಲೋ ಪಾಕ ಬಂದಿದೆ. ಬೆಲ್ಲಕ್ಕಿಂತ ಮೆದುವಾದ ಸಿಹಿ, ಕೊನೆಯಲ್ಲಿ ಸ್ವಲ್ಪ ರಾಗಿಯ ಒಗರು. ಬಿಸಿಯಿರುವಾಗಲೇ ಕುದಿಸಿ ಒರೆಸಿದ ಗಾಜಿನ ಬಾಟಲಿಗಳಿಗೆ ತುಂಬಿದ್ದೇನೆ. ಅರ್ಧವನ್ನು ಹಾಲಿಗೂ ಬ್ರೆಡ್ಡಿನ ಹಿಟ್ಟಿಗೂ ಬಳಸುತ್ತೇನೆ. ಉಳಿದರ್ಧವನ್ನು ಮಳೆಗಾಲ ಕಳೆಯುವವರೆಗೆ ಕಪಾಟಿನಲ್ಲಿಟ್ಟು, ಬೂಸ್ಟು ಬರುತ್ತದೆಯೇ, ನೊರೆ ಏಳುತ್ತದೆಯೇ ಎಂದು ನೋಡಬೇಕಾಗಿದೆ.