ಸೆಕೆಯ ಊರಿನಲ್ಲಿ ಒಣಗುವ ಕಣ್ಣು

ಮಂಗಳೂರಿನಲ್ಲಿ ಕಣ್ಣು ಒಣಗುತ್ತದೆ ಎಂದರೆ ನಂಬುವವರು ಕಡಿಮೆ. ಏಪ್ರಿಲ್‌ನಲ್ಲಿ ಅಂಗಿ ಮೈಗಂಟುತ್ತದೆ, ಆಟಿ ತಿಂಗಳಲ್ಲಿ ಬೈರಾಸು ಮೂರು ದಿನವಾದರೂ ಒಣಗುವುದಿಲ್ಲ, ಇನ್ನು ಕಣ್ಣು ಒಣಗುವುದೆಲ್ಲಿಂದ? ಕೆರಟೋಕೋನಸ್ ಎಂಬ ಕಣ್ಣಿನ ಕಾಯಿಲೆ ಇದ್ದು ಗಟ್ಟಿ ಲೆನ್ಸ್ ಹಾಕುವವರನ್ನು ಸಂಜೆ ಐದು ಗಂಟೆಗೆ ಕೇಳಿ ನೋಡಿ, ಕಣ್ಣಿನಲ್ಲಿ ಮರಳು ಹಾಕಿದ ಹಾಗೆ ಎನ್ನುತ್ತಾರೆ. ಇಷ್ಟು ನೀರಿರುವ ಊರಿನಲ್ಲಿ ಆ ಲೆನ್ಸಿಗೆ ಮುಟ್ಟಿಸಲೇಬಾರದ ವಸ್ತುವೂ ನೀರೇ. ಈ ಎರಡು ಮಾತು ಸರಿಯಾಗಿ ಅರ್ಥವಾದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಕಾಯಿಲೆಯ ಬಗ್ಗೆ ಚುಟುಕಾಗಿ: ಕಣ್ಣಿನ ಮುಂದಿನ ಗಾಜಿನಂಥ ಭಾಗ, ಅಂದರೆ ಕಾರ್ನಿಯಾ, ತೆಳುವಾಗುತ್ತಾ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುತ್ತದೆ. ಸಾಮಾನ್ಯ ಕಣ್ಣಿನಲ್ಲಿ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್. ಇದರಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಹೆಚ್ಚಾಗಿ ಹದಿಹರೆಯದಲ್ಲಿ ಶುರು. ಕನ್ನಡಕದ ನಂಬರು ಆರಾರು ತಿಂಗಳಿಗೆ ಬದಲಾಗುವುದು, ಬೀದಿದೀಪಕ್ಕೆ ಬಾಲ ಬಂದಂತೆ ಕಾಣುವುದು, ಒಂದು ಅಕ್ಷರಕ್ಕೆ ಎರಡು ನೆರಳು, ಇಂಥ ಲಕ್ಷಣ ಇದ್ದರೆ ಕಾರ್ನಿಯಾದ ಟೋಪೋಗ್ರಫಿ, ಅಂದರೆ ಅದರ ಉಬ್ಬುತಗ್ಗಿನ ನಕ್ಷೆ, ಮಾಡಿಸಬೇಕು. ಬರೀ ನಂಬರು ತೆಗೆಸಿದರೆ ಸಾಲದು. ರೋಗ ಮುಂದುವರಿಯುತ್ತಿದ್ದರೆ ಸಿ3ಆರ್ ಮಾಡುತ್ತಾರೆ: ರೈಬೋಫ್ಲೇವಿನ್ ಹನಿ ಬಿಟ್ಟು ಅಲ್ಟ್ರಾವಯಲೆಟ್ ಬೆಳಕು ಹಾಯಿಸುವುದು, ಮೂಲ ಪದ್ಧತಿಯಲ್ಲಿ 30 ನಿಮಿಷ. ಅದು ಉಬ್ಬುವುದನ್ನು ತಡೆಯಲು ಮಾತ್ರ. ಸಿ3ಆರ್ ಆದ ಮೇಲೂ ದೃಷ್ಟಿಗೆ ಹೆಚ್ಚಿನವರಿಗೆ ಲೆನ್ಸ್ ಬೇಕೇ ಬೇಕು. ಇದನ್ನು ಮೊದಲೇ ಯಾರೂ ಬಿಡಿಸಿ ಹೇಳದೆ, ಆಮೇಲೆ ಮನೆಯವರು "ಆಪರೇಷನ್ ಆಯಿತಲ್ಲ, ಮತ್ತೆ ಯಾಕೆ ಲೆನ್ಸ್" ಎಂದು ಕೇಳುವುದುಂಟು.

ಲೆನ್ಸಿನಲ್ಲಿ ಮುಖ್ಯವಾಗಿ ಎರಡು ಜಾತಿ. ಆರ್‌ಜಿಪಿ, ಅಂದರೆ ಗಾಳಿಯಾಡುವ ಗಟ್ಟಿ ಲೆನ್ಸ್, ಅಂಗಡಿಯವರ ಬಾಯಲ್ಲಿ ಸೆಮಿ ಸಾಫ್ಟ್, 9–10 ಮಿಲಿಮೀಟರ್ ಅಗಲ, ಕಾರ್ನಿಯಾದ ಮೇಲೆಯೇ ತೇಲುತ್ತದೆ. ಸ್ಕ್ಲೀರಲ್ 15 ಮಿಲಿಮೀಟರಿಗಿಂತ ದೊಡ್ಡದು. ಕಾರ್ನಿಯಾವನ್ನು ಮುಟ್ಟದೆ ಕಣ್ಣಿನ ಬಿಳಿಭಾಗದ ಮೇಲೆ ಕೂರುತ್ತದೆ, ನಡುವೆ ಸಲೈನ್ ತುಂಬಿಕೊಂಡಿರುತ್ತದೆ. ಸ್ಕೂಟರಿನಲ್ಲಿ ಹೆದ್ದಾರಿ 66ರಲ್ಲಿ ಓಡಾಡುವವರಿಗೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಆರ್‌ಜಿಪಿ ಅಡಿಗೆ ಒಂದು ಕಣ ಧೂಳು ನುಗ್ಗಿದರೆ ಗಾಡಿ ಬದಿಗೆ ಹಾಕಲೇಬೇಕು, ಅಷ್ಟು ಚುಚ್ಚುತ್ತದೆ. ಸ್ಕ್ಲೀರಲ್‌ಗೆ ಆ ಕಾಟ ಕಡಿಮೆ. ಆದರೆ ಬೆಲೆ ಹಲವು ಪಟ್ಟು.

ಈಗ ಒಣಗುವುದರ ವಿಷಯ. ಕಣ್ಣೀರಿನ ಮೇಲ್ಪದರದಲ್ಲಿ ತೆಳ್ಳಗೆ ಎಣ್ಣೆ ಇರುತ್ತದೆ, ಅದು ಆರದಂತೆ ಕಾಯುವ ಮುಚ್ಚಳ. ಆ ಎಣ್ಣೆ ಬರುವುದು ರೆಪ್ಪೆಯಂಚಿನ ಗ್ರಂಥಿಗಳಿಂದ, ರೆಪ್ಪೆ ಪೂರ್ತಿ ಮುಚ್ಚಿದಾಗ. ಆರ್‌ಜಿಪಿ ಅಂಚು ತಗಲುತ್ತದೆಂದು ಗೊತ್ತಿಲ್ಲದೆಯೇ ಅರ್ಧ ರೆಪ್ಪೆ ಹೊಡೆಯುವ ಅಭ್ಯಾಸವಾಗುತ್ತದೆ. ಕಂಪ್ಯೂಟರ್ ಮುಂದೆ ಅದೂ ಕಡಿಮೆ. ಕನ್ನಡಿಯಲ್ಲಿ ನೋಡಿ: ಕಪ್ಪುಗುಡ್ಡೆಯ ಮೂಗಿನ ಬದಿ ಮತ್ತು ಕಿವಿಯ ಬದಿ ಎರಡೂ ಕಡೆ ಕೆಂಪಾಗಿದ್ದರೆ ಹೆಚ್ಚಾಗಿ ಕಾರಣ ಇದೇ. ಹೊರಗೆ ಎಷ್ಟೇ ಸೆಕೆ ಇರಲಿ, ದಿನದ ಎಂಟು ಗಂಟೆ ಕಳೆಯುವುದು ಎಸಿಯಲ್ಲಿ, ಉಳಿದದ್ದು ಫ್ಯಾನಿನ ಕೆಳಗೆ. ಹೊರಗಿನ ತೇವ ಒಳಗೆ ಕುಳಿತ ಕಣ್ಣಿಗೆ ಸಿಗುವುದಿಲ್ಲ. ಎಸಿಯ ಗಾಳಿ ನೇರ ಮುಖಕ್ಕೆ ಬಾರದಂತೆ ಕುರ್ಚಿ ತಿರುಗಿಸಿ. ಹೆಲ್ಮೆಟ್ಟಿನ ಗಾಜು ಇಳಿಸಿಯೇ ಓಡಿಸಿ. ರಾತ್ರಿ ಲೆನ್ಸ್ ತೆಗೆದ ಮೇಲೆ ಮುಚ್ಚಿದ ಕಣ್ಣಿಗೆ ಹತ್ತು ನಿಮಿಷ ಬಿಸಿ ಬಟ್ಟೆಯ ಶಾಖ ಕೊಡಿ. ಬೆಚ್ಚಗೆ ಹಿತವಾಗಿರಬೇಕು, ಸುಡಬಾರದು. ತಣ್ಣಗಾದ ಬಟ್ಟೆಯನ್ನು ಹಾಗೆಯೇ ಇಟ್ಟುಕೊಂಡರೆ ಗ್ರಂಥಿಯ ಎಣ್ಣೆ ಕರಗುವುದಿಲ್ಲ, ಎರಡು ನಿಮಿಷಕ್ಕೊಮ್ಮೆ ಮತ್ತೆ ಬಿಸಿ ಮಾಡಬೇಕು.

ಹನಿಮದ್ದಿನಲ್ಲಿ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಶೇ 0.5 ಅಥವಾ ಸೋಡಿಯಂ ಹಯಲುರೊನೇಟ್ ಶೇ 0.1 ಸಾಮಾನ್ಯ. ಹೆಸರಿಗಿಂತ ಮುಖ್ಯ ಡಬ್ಬದ ಸಣ್ಣ ಅಕ್ಷರ. ಬೆಂಜಲ್ಕೋನಿಯಂ ಕ್ಲೋರೈಡ್ (ಇದೊಂದು ಪ್ರಿಸರ್ವೇಟಿವ್) ಎಂದಿದ್ದರೆ ಲೆನ್ಸ್ ಇರುವಾಗ ಬಿಡಬೇಡಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾಗುವವರು ಪ್ರಿಸರ್ವೇಟಿವ್ ಇಲ್ಲದ ಒಂಟಿ ಬಳಕೆಯ ಪುಟ್ಟ ಟ್ಯೂಬು ತರಿಸುವುದೇ ಒಳ್ಳೆಯದು. ಜೆಲ್ ಮತ್ತು ಮುಲಾಮು ರಾತ್ರಿಗೆ, ಲೆನ್ಸ್ ತೆಗೆದ ಮೇಲೆ. ಒಂದು ಮಾತು: ಶೀತಕ್ಕೆಂದು ನುಂಗುವ ಸೆಟ್ರಿಜಿನ್‌ನಂಥ ಮಾತ್ರೆಯೂ ಕಣ್ಣು ಒಣಗಿಸುತ್ತದೆ.

ಸ್ಕ್ಲೀರಲ್ ಹಾಕುವ ವಿಧಾನಕ್ಕೆ ಬರೋಣ. ತುಂಬಲು ಬೇಕಾದ್ದು ಪ್ರಿಸರ್ವೇಟಿವ್ ಇಲ್ಲದ ಶೇ 0.9ರ ಸಲೈನ್. ಮೆಡಿಕಲ್ ಶಾಪಿನಲ್ಲಿ ಸಣ್ಣ ಪ್ಲಾಸ್ಟಿಕ್ ಕುಡಿಕೆ ಕೇಳಿದರೆ ಕೆಲವೊಮ್ಮೆ ನೆಬ್ಯುಲೈಸರಿನ ಶೇ 3ರದ್ದನ್ನು ಕೈಗಿಡುತ್ತಾರೆ, ನೋಡಲು ಒಂದೇ ತರ. ಅದನ್ನು ತುಂಬಿ ಹಾಕಿದರೆ ಕಣ್ಣು ಉರಿದು ಹೋಗುತ್ತದೆ. ಅಂಗಡಿಯಲ್ಲೇ ಓದಿ. ದೊಡ್ಡ ಬಾಟಲಿ ಅಗ್ಗ ನಿಜ, ಆದರೆ ಮುಚ್ಚಳ ತೆರೆದ ಮೇಲೆ ಅದರಲ್ಲಿ ಸೂಕ್ಷ್ಮಾಣು ಬೆಳೆಯಲು ತಡೆಯೇ ಇಲ್ಲ. ವಾರಗಟ್ಟಲೆ ಇಟ್ಟು ಬಳಸುವ ಲೆಕ್ಕ ಬೇಡ.

ಮೇಜಿನ ಮೇಲೆ ಕನ್ನಡಿ ಮಲಗಿಸಿ, ಮುಖ ಪೂರ್ತಿ ನೆಲದ ಕಡೆ ಬಗ್ಗಿಸಿ. ಲೆನ್ಸನ್ನು ಪ್ಲಂಜರ್ (ಲೆನ್ಸನ್ನು ಹೀರಿ ಹಿಡಿಯುವ ರಬ್ಬರಿನ ಪುಟ್ಟ ಸಾಧನ) ಮೇಲೆ ಕೂರಿಸಿ, ಸಲೈನ್ ಅಂಚಿಗಿಂತ ತುಸು ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿ. ಎರಡೂ ರೆಪ್ಪೆ ಅಗಲಿಸಿ, ಲೆನ್ಸಿನ ನಡುವನ್ನೇ ನೋಡುತ್ತಾ ಮೇಲಕ್ಕೆ ತನ್ನಿ. ತಣ್ಣಗೆ ತಗಲಿ ಸಲೈನ್ ಸುರಿದರೂ ಕೂಡಲೇ ಹಿಂತೆಗೆಯಬೇಡಿ, ಇನ್ನೂ ಸ್ವಲ್ಪ ಒತ್ತಿ, ರೆಪ್ಪೆ ಬಿಟ್ಟು, ಆಮೇಲೆ ಪ್ಲಂಜರ್ ಹಿಂಡಿ ತೆಗೆಯಿರಿ. ಗುಳ್ಳೆ ಸಿಕ್ಕಿದರೆ ಹೆಚ್ಚಾಗಿ ಕಾರಣ ಗಲ್ಲ ಮೇಲಿದ್ದದ್ದು. ಗುಳ್ಳೆ ಇದ್ದರೆ "ಹೋಗುತ್ತದೆ ಬಿಡು" ಎನ್ನುವಂತಿಲ್ಲ, ಅದು ಹೋಗುವುದಿಲ್ಲ. ಆ ಜಾಗದಲ್ಲಿ ಕಾರ್ನಿಯಾ ಒಣಗುತ್ತದೆ. ತೆಗೆದು ಮತ್ತೆ ತುಂಬಬೇಕು. ಹಾಕಿ ಮೂರು ನಾಲ್ಕು ಗಂಟೆಯಾದ ಮೇಲೆ ಮಂಜು ಕವಿದಂತೆ ಆಗುವುದು ಬೇರೆ ಸಮಸ್ಯೆ: ಲೆನ್ಸಿನ ಅಡಿಯ ಸಲೈನಿನೊಳಗೆ ಕಸ ಸೇರುವುದು. ತೆಗೆದು ತೊಳೆದು ಹೊಸ ಸಲೈನ್ ತುಂಬಿದರೆ ತಿಳಿಯಾಗುತ್ತದೆ. ದಿನಾ ಆಗುತ್ತಿದ್ದರೆ ಅಳತೆ ಸರಿಪಡಿಸಲು ಹೇಳಿ.

ತೆಗೆಯುವಾಗ ಚಿಕ್ಕ ಪ್ಲಂಜರ್ ಒದ್ದೆ ಮಾಡಿ ಲೆನ್ಸಿನ ಅಂಚಿನ ಹತ್ತಿರ ಹಿಡಿಸಬೇಕು, ನಡುವಿನಲ್ಲಿ ಅಲ್ಲ. ನಡುವಿಗೆ ಹಚ್ಚಿ ಎಳೆದರೆ ಹೀರುವ ಬಲ ಕಾರ್ನಿಯಾಕ್ಕೇ ಬೀಳುತ್ತದೆ. ಅದಕ್ಕೂ ಮೊದಲು ಲೆನ್ಸ್ ಕಣ್ಣಿನಲ್ಲಿ ಉಂಟಾ ಎಂದು ನೋಡಿ. ನಗಬೇಡಿ, ನಿದ್ದೆಗಣ್ಣಿನಲ್ಲಿ ಬರಿಗಣ್ಣಿಗೆ ಪ್ಲಂಜರ್ ಹಚ್ಚುವುದು ಅಪರೂಪವಲ್ಲ.

ಇನ್ನು ನೀರು. ನಮ್ಮ ಕಡೆ ಮನೆಗೊಂದು ಬಾವಿ, ಮೇಲೊಂದು ಟ್ಯಾಂಕಿ. ಕುಡಿಯಲು ಎಷ್ಟೇ ರುಚಿಯಾಗಿರಲಿ, ಬಾವಿನೀರು, ನಳದ ನೀರು, ಫಿಲ್ಟರ್ ನೀರು, ಯಾವುದೂ ಲೆನ್ಸಿಗೆ ಸಲ್ಲದು. ಅಕಾಂತಮೀಬ ಎಂಬ ಏಕಕೋಶ ಜೀವಿ ನೀರಿನಲ್ಲೂ ಮಣ್ಣಿನಲ್ಲೂ ಇರುತ್ತದೆ. ಲೆನ್ಸಿನ ಮೂಲಕ ಕಾರ್ನಿಯಾ ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ, ಆಮೇಲೂ ದೃಷ್ಟಿಗೆ ಖಾತ್ರಿ ಇಲ್ಲ. ತಲೆಸ್ನಾನ, ಪಣಂಬೂರು ಅಥವಾ ಮಲ್ಪೆಯಲ್ಲಿ ಸಮುದ್ರಕ್ಕಿಳಿಯುವುದು, ಎಲ್ಲವೂ ಲೆನ್ಸ್ ತೆಗೆದ ಮೇಲೆ. ಕೈ ತೊಳೆದ ನಂತರ ಪೂರ್ತಿ ಒರೆಸದೆ ಲೆನ್ಸ್ ಮುಟ್ಟಿದರೂ ನೀರು ಮುಟ್ಟಿಸಿದ ಹಾಗೆಯೇ. ಒರೆಸಲು ನಾರು ಬಿಡದ ಟಿಶ್ಯೂ ಸಾಕು, ಬೈರಾಸಿನ ನೂಲು ಲೆನ್ಸಿಗೆ ಹತ್ತುತ್ತದೆ.

ಲೆನ್ಸ್ ಡಬ್ಬಿಯನ್ನು "ಗಾಳಿಗೆ ಒಣಗಿಸಿ" ಎಂದು ಕಾಗದದಲ್ಲಿ ಬರೆದಿರುತ್ತದೆ. ಬರೆದವರು ಇಲ್ಲಿಯ ಜುಲೈ ನೋಡಿದವರಲ್ಲ. ಮಳೆಗಾಲದಲ್ಲಿ ಬಚ್ಚಲಲ್ಲಿ ಬೋರಲು ಹಾಕಿದ ಡಬ್ಬಿ ಸಂಜೆಗೂ ಒದ್ದೆ, ವಾರದಲ್ಲಿ ಮುಚ್ಚಳದ ಸುರುಳಿಯೊಳಗೆ ಕಪ್ಪು ಬೂಷ್ಟು. ಎರಡು ಡಬ್ಬಿ ಇಟ್ಟುಕೊಳ್ಳಿ. ಇವತ್ತಿನದನ್ನು ಲೆನ್ಸ್ ಸೊಲ್ಯೂಷನ್‌ನಿಂದ ತೊಳೆದು, ಟಿಶ್ಯೂವಿನಿಂದ ಒರೆಸಿ, ಬೆಡ್‌ರೂಮಿನ ಕಪಾಟಿನಲ್ಲಿ ಬೋರಲು ಹಾಕಿ, ನಾಳೆ ಇನ್ನೊಂದು ಬಳಸಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಸೆದುಬಿಡಿ. ನಿನ್ನೆಯ ಸೊಲ್ಯೂಷನ್ ಮೇಲೆಯೇ ಇವತ್ತು ಸ್ವಲ್ಪ ಸುರಿಯುವುದು ಉಳಿತಾಯವಲ್ಲ. ಮತ್ತೆ, ಶಿರಾಡಿ ಘಾಟಿ ಕುಸಿದು ಕೊರಿಯರ್ ನಿಂತರೆ ಎಂದು ಜೂನ್‌ಗೆ ಮೊದಲೇ ಎರಡು ಬಾಟಲಿ ಹೆಚ್ಚು ತರಿಸಿಡಿ.

ಊಟದ ಕೈ ಇನ್ನೊಂದು ಕತೆ. ಘೀ ರೋಸ್ಟ್ ತಿಂದ ಬೆರಳಿನ ಖಾರ ಬರೀ ನೀರಿಗೆ ಹೋಗುವುದಿಲ್ಲ, ಅದು ಎಣ್ಣೆಯಲ್ಲಿ ಕರಗುವಂಥದ್ದು. ಮೊದಲು ತೆಂಗಿನೆಣ್ಣೆ ಉಜ್ಜಿ, ಆಮೇಲೆ ಪಾತ್ರೆ ಸೋಪಿನಿಂದ ಎರಡು ಸಲ ತೊಳೆಯಬೇಕು. ಎಣ್ಣೆಯ ಜಿಡ್ಡು ಉಳಿದರೆ ಲೆನ್ಸ್ ಮಬ್ಬು, ಖಾರ ಉಳಿದರೆ ಕೇಳುವುದೇ ಬೇಡ. ಸುಲಭದ ದಾರಿ: ರಾತ್ರಿ ಊಟಕ್ಕೆ ಕೂರುವ ಮೊದಲೇ ಲೆನ್ಸ್ ತೆಗೆದಿಡಿ. ತಲೆಗೆ ಎಣ್ಣೆ ಹಚ್ಚುವುದೂ ತೆಗೆದ ಮೇಲೆಯೇ.

ಕಣ್ಣು ತುರಿಸಿದರೆ ಉಜ್ಜಬೇಡಿ. ಉಜ್ಜಿದಷ್ಟೂ ಶಂಕು ಮುಂದಕ್ಕೆ ಬರುತ್ತದೆ, ಗೆಣ್ಣಿನಿಂದ ಉಜ್ಜುವುದಂತೂ ಬಹಳ ಕೆಟ್ಟದ್ದು. ಲೆನ್ಸ್ ತೆಗೆದು ತಣ್ಣನೆಯ ಬಟ್ಟೆ ಇಡಿ, ಅಲರ್ಜಿಯ ಹನಿ ಡಾಕ್ಟರ ಬಳಿ ಕೇಳಿ. ಒಮ್ಮೆಲೇ ಕಣ್ಣು ನೋವಾಗಿ, ನೀರು ಸುರಿದು, ಕಪ್ಪುಗುಡ್ಡೆಯ ಮೇಲೆ ಬೆಳ್ಳಗೆ ಮೋಡ ಕಂಡರೆ ಅದು ಹೈಡ್ರಾಪ್ಸ್ (ಕಾರ್ನಿಯಾದೊಳಗೆ ಕಣ್ಣಿನ ದ್ರವ ನುಗ್ಗಿ ಊದುವುದು) ಅಥವಾ ಸೋಂಕು ಇರಬಹುದು. ಲೆನ್ಸ್ ತೆಗೆದು ಅವತ್ತೇ ತೋರಿಸಿ, ಡಬ್ಬಿಯನ್ನೂ ತೊಳೆಯದೆ ಜೊತೆಗೆ ಒಯ್ಯಿರಿ. ಸೋಂಕಾದರೆ ಅದರೊಳಗಿನ ದ್ರವವೂ ಪರೀಕ್ಷೆಗೆ ಬೇಕಾಗಬಹುದು.

ಲೆನ್ಸ್ ಟ್ರಯಲ್‌ಗೆ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯುವವರು ಹತ್ತುವ ಮೊದಲೇ ಲೆನ್ಸ್ ತೆಗೆಯಿರಿ. ಎಸಿ ಬಸ್ಸಿನಲ್ಲಿ ಹಾಗೇ ನಿದ್ದೆ ಹೋದರೆ ಬೆಳಿಗ್ಗೆ ಅಂಟಿಕೊಂಡಿರುತ್ತದೆ, ಘಾಟಿಯ ತಿರುವಿನಲ್ಲಿ ತೆಗೆಯಲು ಹೋದರೆ ಸೀಟಿನ ಅಡಿಗೆ. ಹಳೇ ಕನ್ನಡಕ, ಎರಡು ಕುಡಿಕೆ ಸಲೈನ್, ಡಬ್ಬಿ ಮತ್ತು ಒಂದು ಹೆಚ್ಚಿನ ಪ್ಲಂಜರ್ ಕೈಚೀಲದಲ್ಲಿ ಇರಲಿ, ಡಿಕ್ಕಿಗೆ ಹಾಕಿದ ಬ್ಯಾಗಿನಲ್ಲಿ ಅಲ್ಲ.